ಹಳೆಯ ಪಿಕಪ್‌ಗೆ ಬೇರೆ ವರ್ಷದ ಸೀಟು: ನಾಲ್ಕನೇ ಬೋಲ್ಟ್ ಕೂರದೆ ನಿಂತವರಿಗೆ

ಮೂರು ಬೋಲ್ಟ್ ಕೂತಿವೆ, ನಾಲ್ಕನೆಯದು ಅರ್ಧ ಬೆರಳು ಆಚೆ ನಿಂತಿದೆ. ದಾವಣಗೆರೆ, ಹರಿಹರ, ಚನ್ನಗಿರಿ ಕಡೆಯ ಪಿಕಪ್ ಮಾಲೀಕರು ಕೇಳುವ ಪ್ರಶ್ನೆಗಳಲ್ಲಿ ಬಹುಪಾಲು ಇಲ್ಲಿಗೇ ಬಂದು ನಿಲ್ಲುತ್ತವೆ. ಗಾಡಿ ಟಾಟಾ 207 ಇರಲಿ, ಬೊಲೆರೊ ಪಿಕಪ್ ಇರಲಿ, ಕಥೆ ಒಂದೇ. ಅದೇ ಕಂಪನಿಯ, ಅದೇ ಹೆಸರಿನ, ನಾಲ್ಕೈದು ವರ್ಷ ಹೊಸದಾದ ಗಾಡಿಯ ಸೀಟು ಗುಜರಿಯಲ್ಲಿ ಅಗ್ಗಕ್ಕೆ ಸಿಕ್ಕಿತು; ತಂದರು; ಹಳೆಯದನ್ನು ಕಿತ್ತರು; ಹೊಸದು ಕೂರಲಿಲ್ಲ. ಆಮೇಲೆ ಗ್ರೈಂಡರ್ ಹಿಡಿದು ತೂತನ್ನು ಉದ್ದ ಮಾಡಿ, ವಾಷರ್ ಮೇಲೆ ವಾಷರ್ ಪೇರಿಸಿ, ಹೇಗೋ ಬಿಗಿದು ಮೆಕ್ಕೆಜೋಳ ಹೇರಿಕೊಂಡು ಮಂಡಿಗೆ ಹೊರಡುತ್ತಾರೆ.

ಕೈ ಪಳಗಿದ ಮೆಕ್ಯಾನಿಕ್‌ಗಳೂ ಇಲ್ಲಿ ಎಡವುವುದು ಕ್ರಮ ತಪ್ಪುವುದರಿಂದ. ಮೊದಲು ನೆಲ, ಆಮೇಲೆ ರೈಲು (ಸೀಟು ಹಿಂದೆ ಮುಂದೆ ಸರಿಯುವ ಹಳಿ), ಕೊನೆಗೆ ಸೀಟು. ಸೀಟಿನಿಂದ ಶುರು ಮಾಡಿದವರು ನೆಲದಲ್ಲಿ ಸಿಕ್ಕಿಬೀಳುತ್ತಾರೆ.

ಒಂದು ಮಾತು ಮೊದಲೇ ಹೇಳಬೇಕು. ಟಾಟಾ ಏಸ್‌ನಂತೆ ಎಂಜಿನ್ ಸೀಟಿನ ಕೆಳಗಿರುವ ಗಾಡಿಗಳಿಗೆ ಈ ಬರಹ ಅನ್ವಯಿಸುವುದಿಲ್ಲ. ಅಲ್ಲಿ ಎಂಜಿನ್ ಮುಟ್ಟುವ ದಾರಿಯೇ ಸೀಟಿನ ಕೆಳಗಿದೆ. ಮುಂದೆ ಬಾನೆಟ್ ಇರುವ ಪಿಕಪ್‌ಗಳ ಮಾತಷ್ಟೇ ಇಲ್ಲಿದೆ.

## ಬೇಕಾಗುವ ಸಾಮಾನು

ಅಳತೆ ಟೇಪು, ಒಂದು ಮೀಟರಿನ ಮಟ್ಟಗೋಲು, ದೊಡ್ಡ ರಟ್ಟು, ಮಾರ್ಕರ್. ರ‍್ಯಾಚೆಟ್ ಜೊತೆ ಬಾಕ್ಸ್ ಸ್ಪ್ಯಾನರ್ ಸೆಟ್, ಉದ್ದನೆಯ ಎಕ್ಸ್‌ಟೆನ್ಷನ್ ರಾಡ್, ತುಕ್ಕು ಬಿಡಿಸುವ ಸ್ಪ್ರೇ, ವೈರ್ ಬ್ರಷ್, ತುಕ್ಕು ತಡೆಯುವ ಪ್ರೈಮರ್, ಗ್ರೀಸ್. ಥ್ರೆಡ್ ಸ್ವಚ್ಛ ಮಾಡಲು ಟ್ಯಾಪ್ ಸೆಟ್. ಬೋಲ್ಟನ್ನು ಎಷ್ಟು ಬಲದಿಂದ ಬಿಗಿಯುತ್ತಿದ್ದೀರಿ ಎಂದು ತೋರಿಸುವ ಟಾರ್ಕ್ ರೆಂಚ್ ನಿಮ್ಮಲ್ಲಿ ಇರದಿದ್ದರೆ ಒಂದು ಗಂಟೆಗೆ ಗ್ಯಾರೇಜಿನಿಂದ ಕೇಳಿ ತನ್ನಿ. ಉಳಿದ ಯಾವುದರಲ್ಲಿ ಬೇಕಾದರೂ ಹೊಂದಾಣಿಕೆ ಮಾಡಿಕೊಳ್ಳಿ, ಇದರಲ್ಲಿ ಬೇಡ.

ಬೋಲ್ಟ್‌ಗಳ ತಲೆಯ ಮೇಲೆ ಗಟ್ಟಿತನದ ದರ್ಜೆ ಹೇಳುವ 8.8 ಎಂಬ ಗುರುತು ಇರಬೇಕು. ಕೇಳಿದಾಕ್ಷಣ ಅಂಗಡಿಯವರು ತೂಕದ ಲೆಕ್ಕದಲ್ಲಿ ಕೊಡುವ ಗುರುತಿಲ್ಲದ ಬೋಲ್ಟ್ ಗೇಟು, ಶೆಡ್ಡುಗಳಿಗೆ ಸಾಕು, ಸೀಟಿಗೆ ಸಲ್ಲದು.

## ಹಂತ 1: ಕೊಳ್ಳುವ ಮುನ್ನ ನಿಮ್ಮ ಗಾಡಿಯ ನೆಲವನ್ನು ಅಳೆಯಿರಿ

ಆರ್‌ಸಿಯಲ್ಲಿರುವ ವರ್ಷವನ್ನು ನಂಬಿ ಹೋಗಬೇಡಿ. ಹೆಸರು ಹಾಗೇ ಉಳಿದು ಒಳಗಿನ ಕ್ಯಾಬಿನ್ ಬದಲಾಗಿರುವುದು ಉಂಟು. ಮೂರು ಕೈ ಬದಲಾದ ಗಾಡಿಯಾದರೆ ಈಗಿರುವ ಸೀಟೇ ಕಂಪನಿಯದ್ದು ಎಂಬ ಖಾತ್ರಿ ಏನಿದೆ? ಟೇಪು ಹೇಳಿದ್ದೇ ನಿಜ.

ನಾಲ್ಕು ಬೋಲ್ಟ್‌ಗಳ ನಡುವೆ ಆರು ಅಳತೆ ತೆಗೆಯಬೇಕು: ಮುಂದಿನ ಎರಡರ ನಡುವೆ, ಹಿಂದಿನ ಎರಡರ ನಡುವೆ, ಎಡಬದಿಯಲ್ಲಿ ಹಿಂದೆ ಮುಂದೆ, ಬಲಬದಿಯಲ್ಲಿ ಹಿಂದೆ ಮುಂದೆ, ಮತ್ತೆ ಎರಡು ಕರ್ಣ. ಕರ್ಣ ಬಿಟ್ಟವರೇ ಹೆಚ್ಚು. ನಾಲ್ಕು ಬದಿಯೂ ಸರಿಯಿದ್ದು ಕರ್ಣ ಹೊಂದದಿದ್ದರೆ ಚೌಕ ಓರೆಯಾಗಿದೆ ಎಂದರ್ಥ, ನಾಲ್ಕನೇ ಬೋಲ್ಟ್ ಹೊರಗುಳಿಯುವುದು ಆಗಲೇ.

ಬೋಲ್ಟಿನ ನಡುವಿನಿಂದ ನಡುವಿಗೆ ಟೇಪು ಹಿಡಿಯುವುದು ಕಷ್ಟ, ಕಣ್ಣು ಮೋಸ ಮಾಡುತ್ತದೆ. ಒಂದು ಬೋಲ್ಟ್ ತಲೆಯ ಎಡ ಅಂಚಿನಿಂದ ಇನ್ನೊಂದರ ಎಡ ಅಂಚಿಗೆ ಅಳೆಯಿರಿ. ಎರಡೂ ತಲೆ ಒಂದೇ ಗಾತ್ರದ್ದಾಗಿ ಒಂದೇ ದಿಕ್ಕಿಗೆ ತಿರುಗಿದ್ದರೆ ಬರುವ ಅಂಕಿ ನಡುವಿನ ಅಳತೆಯೇ. ಎಲ್ಲವನ್ನೂ ಮಿಲಿಮೀಟರಿನಲ್ಲಿ ಬರೆದುಕೊಳ್ಳಿ. ಅಂಗುಲದಲ್ಲಿ ಬರೆದರೆ ಕಾಲು, ಅರೆಕಾಲು ಎಂದು ಎಲ್ಲೋ ತಪ್ಪುತ್ತದೆ.

ಇನ್ನು ಎತ್ತರ. ಹಳೆಯ ಪಿಕಪ್‌ಗಳ ನೆಲ ಸಮತಟ್ಟಾಗಿರುವುದಿಲ್ಲ. ನಡುವೆ ಗೇರ್‌ಬಾಕ್ಸಿಗಾಗಿ ಉಬ್ಬು ಇರುತ್ತದೆ, ಮುಂದೆ ಅಡ್ಡಪಟ್ಟಿ ಎದ್ದಿರುತ್ತದೆ. ಹಾಗಾಗಿ ಸೀಟಿನ ನಾಲ್ಕು ಕಾಲುಗಳು ನಾಲ್ಕು ಎತ್ತರದಲ್ಲಿ ನಿಂತಿರಬಹುದು. ಬಾಗಿಲ ಕಡೆಯವು ಉದ್ದ, ಉಬ್ಬಿನ ಕಡೆಯವು ಗಿಡ್ಡ. ಚಾಲಕನ ಸೀಟನ್ನು ಪಕ್ಕದ ಜಾಗಕ್ಕೆ ಕೂರಿಸಲಾಗದ ಕಾರಣವೂ ಇದೇ. ಮಟ್ಟಗೋಲನ್ನು ಅಡ್ಡ ಹಿಡಿದು ಅದರಿಂದ ಪ್ರತಿ ಬೋಲ್ಟ್ ಕೂರುವ ಜಾಗ ಎಷ್ಟು ಕೆಳಗಿದೆ ಎಂದು ನೋಡಿ. ಗಾಡಿ ಸಮತಟ್ಟಾದ ಜಾಗದಲ್ಲಿ ನಿಂತಿರಲಿ.

ಕೊನೆಗೆ ನಾಲ್ಕು ಅಂತರ: ಸೀಟಿನ ಮೇಲ್ಮೈಯಿಂದ ಛಾವಣಿಗೆ, ಸೀಟಿನ ಮುಂಚೂಣಿಯಿಂದ ಕ್ಲಚ್ ಪೆಡಲಿಗೆ, ಸೀಟಿನ ಮಧ್ಯದಿಂದ ಸ್ಟಿಯರಿಂಗ್ ಮಧ್ಯಕ್ಕೆ, ಮತ್ತು ಗೇರ್ ರಾಡ್ ಹಿಂದಕ್ಕೆ ಬಂದಾಗ ಸೀಟಿನ ಪಕ್ಕಕ್ಕೆ. ಸಾಮಾನ್ಯವಾಗಿ ಎರಡು, ನಾಲ್ಕು, ರಿವರ್ಸ್ ಗೇರುಗಳಲ್ಲಿ ರಾಡ್ ಹಿಂದೆ ಬರುತ್ತದೆ. ಅಗಲವಾದ ಬಕೆಟ್ ಸೀಟು ಹಾಕಿ ರಿವರ್ಸ್ ಗೇರ್ ಹಾಕಲಾಗದೆ ಮಂಡಿಯ ಗೇಟಿನಲ್ಲಿ ಸಿಕ್ಕಿಕೊಂಡವರಿದ್ದಾರೆ.

## ಹಂತ 2: ಗುಜರಿಯಲ್ಲಿ ಸೀಟನ್ನು ತಲೆಕೆಳಗಾಗಿ ನೋಡಿ

ಕವರ್ ಹೊಸದಿದೆ, ಫೋಮ್ ಮೆತ್ತಗಿದೆ ಎಂದು ಮರುಳಾಗಬೇಡಿ. ಕವರ್ ಕುಶನ್ ಕೆಲಸದವರು ಅರ್ಧ ದಿನದಲ್ಲಿ ಹೊಲಿದು ಕೊಡುತ್ತಾರೆ. ಸೀಟನ್ನು ಮಗುಚಿ ಅಡಿಭಾಗ ನೋಡಿ.

ರೈಲಿನ ಎರಡೂ ಬದಿ ಏಕಕಾಲಕ್ಕೆ ಲಾಕ್ ಆಗಬೇಕು. ಸನ್ನೆಕೋಲನ್ನು ಎತ್ತಿ, ಸ್ವಲ್ಪ ಸರಿಸಿ, ಬಿಡಿ. ಎರಡು ಕಡೆಯೂ "ಟಕ್" ಎಂದು ಬೀಳುವುದು ಕೇಳಬೇಕು. ಒಂದು ಬದಿ ಮಾತ್ರ ಹಿಡಿಯುವ ರೈಲು ಬ್ರೇಕ್ ಹಾಕಿದಾಗ ಓರೆಯಾಗಿ ಜಾರುತ್ತದೆ. ಒರಗುವ ಬೆನ್ನಿನ ಲಾಕ್ ಕೂಡ ಹಾಗೇ ಪರೀಕ್ಷಿಸಿ, ಪೂರ್ತಿ ಭಾರ ಹಾಕಿ.

ಫ್ರೇಮಿನ ಕೊಳವೆ ಎಲ್ಲಾದರೂ ಸೊಟ್ಟಗಾಗಿದೆಯೇ, ಬೆಸುಗೆಯ ಬುಡದಲ್ಲಿ ಬಣ್ಣ ಬಿರುಕು ಬಿಟ್ಟಿದೆಯೇ? ಅದು ಅಪಘಾತದ ಗಾಡಿಯ ಸೀಟು ಇರಬಹುದು. ಬೆಲೆ ಎಷ್ಟೇ ಇಳಿಸಿದರೂ ಅಲ್ಲೇ ಬಿಟ್ಟು ಬನ್ನಿ.

ಅಡಿಯಿಂದ ತಂತಿ ಇಳಿಬಿದ್ದಿದ್ದರೆ ಅದು ಬೆಲ್ಟ್ ಎಚ್ಚರಿಕೆಯ ಸ್ವಿಚ್ಚಿನದ್ದಿರಬಹುದು; ಹಳೆಯ ಗಾಡಿಯಲ್ಲಿ ಅದನ್ನು ಎಲ್ಲಿಗೂ ಜೋಡಿಸದೆ ತುದಿಗೆ ಟೇಪು ಸುತ್ತಿ ಕಟ್ಟಿದರೆ ಸಾಕು. ಹಳದಿ ಬಣ್ಣದ ಕನೆಕ್ಟರ್ ಕಂಡರೆ ಮಾತ್ರ ಆ ಸೀಟು ಬೇಡ. ಸಾಮಾನ್ಯವಾಗಿ ಏರ್‌ಬ್ಯಾಗ್ ತಂತಿಗೆ ಹಾಕುವ ಬಣ್ಣ ಅದು. ಸೀಟಿನೊಳಗೆ ಸಿಡಿಯುವ ಸಾಧನ ಇರಬಹುದು.

ಕೊಳ್ಳುವಾಗ ರೈಲು, ಕಾಲು, ಬೋಲ್ಟ್ ಎಲ್ಲವನ್ನೂ ಸೀಟಿನೊಂದಿಗೇ ಕೇಳಿ ಪಡೆಯಿರಿ. ಬರೀ ಸೀಟು ತಂದು ಮರುದಿನ ರೈಲಿಗಾಗಿ ಹೋದರೆ ಅದು ಬೇರೆಯವರ ಗಾಡಿ ಸೇರಿರುತ್ತದೆ.

## ಹಂತ 3: ಮೂರು ದಾರಿಗಳಲ್ಲಿ ಒಂದನ್ನು ಆರಿಸಿ

ಆರು ಅಳತೆಗಳೂ ಎತ್ತರಗಳೂ ಎರಡು ಮೂರು ಮಿಲಿಮೀಟರಿನೊಳಗೆ ತಾಳೆಯಾದರೆ ಸೀಟು ನೇರವಾಗಿ ಕೂರುತ್ತದೆ. ನೀವು ಅದೃಷ್ಟವಂತರು, ಹಂತ 4ಕ್ಕೆ ಹೋಗಿ.

ತಾಳೆಯಾಗದಿದ್ದರೆ ಎರಡನೇ ದಾರಿ: ನಿಮ್ಮ ಹಳೆಯ ರೈಲು, ಅದರ ಮೇಲೆ ಹೊಸ ಸೀಟು. ನನ್ನ ಮಟ್ಟಿಗೆ ಇದೇ ಉತ್ತಮ. ನೆಲದ ಕಡೆ ಕಂಪನಿ ಮಾಡಿದ್ದು ಹಾಗೇ ಉಳಿಯುತ್ತದೆ, ಒಂದು ತೂತೂ ಕೊರೆಯಬೇಕಿಲ್ಲ. ಎರಡೂ ಸೀಟುಗಳನ್ನು ಪಕ್ಕಪಕ್ಕ ಮಗುಚಿ, ರೈಲು ಸೀಟಿನ ಫ್ರೇಮಿಗೆ ಬೋಲ್ಟ್ ಆಗಿರುವ ನಾಲ್ಕು ಬಿಂದುಗಳನ್ನು ಹೋಲಿಸಿ. ನೆಲದ ಬೋಲ್ಟ್‌ಗಳು ಬೇರೆಯಾಗಿದ್ದರೂ ಈ ಬಿಂದುಗಳು ಒಂದೇ ಆಗಿರುವುದು ಉಂಟು.

ಇಲ್ಲಿ ಮೂರು ಎಚ್ಚರಿಕೆ. ರೈಲನ್ನು ಫ್ರೇಮಿಗೆ ರಿವೆಟ್ ಅಥವಾ ಬೆಸುಗೆ ಮಾಡಿದ್ದರೆ ಕತ್ತರಿಸಿ ಬೋಲ್ಟ್ ಹಾಕಲು ಹೋಗಬೇಡಿ. ಎಡ ಬಲ ಲಾಕ್‌ಗಳನ್ನು ಜೋಡಿಸುವ ಅಡ್ಡ ಕಂಬಿಯನ್ನು ಮರೆಯದೆ ವರ್ಗಾಯಿಸಿ. ಅದು ಬಾಗಿದರೆ ಒಂದು ಬದಿಯ ಲಾಕ್ ಕೈಕೊಡುತ್ತದೆ. ಮತ್ತು ಬೋಲ್ಟಿನ ಉದ್ದ: ಉದ್ದವಾದರೆ ತುದಿ ರೈಲಿನೊಳಗೆ ಇಳಿದು ಸರಿಯುವ ಪಟ್ಟಿಗೆ ಬಡಿಯುತ್ತದೆ. ಸೀಟು ಅರ್ಧಕ್ಕೆ ಬಂದು ನಿಂತರೆ ಗ್ರೀಸ್ ಹಚ್ಚುವ ಮೊದಲು ಈ ತುದಿಯನ್ನು ನೋಡಿ, ಅಲ್ಲಿ ಹೊಳೆಯುವ ಗೀರು ಕಾಣುತ್ತದೆ.

ಮೂರನೇ ದಾರಿ, ನೆಲಕ್ಕೂ ರೈಲಿಗೂ ನಡುವೆ ಅಡಾಪ್ಟರ್ ಫ್ರೇಮ್ ಮಾಡಿಸುವುದು. ಎರಡನೆಯದು ಆಗದಿದ್ದರೆ ಮಾತ್ರ. ಅದರ ವಿವರ ಹಂತ 6ರಲ್ಲಿದೆ.

## ಹಂತ 4: ಹಳೆಯ ಸೀಟು ಬಿಚ್ಚುವುದು

ಹಿಂದಿನ ಸಂಜೆಯೇ ನಾಲ್ಕೂ ಬೋಲ್ಟ್‌ಗಳಿಗೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆಯಿರಿ, ಸಾಧ್ಯವಾದರೆ ಗಾಡಿಯ ಅಡಿಯಿಂದಲೂ. ಬೆಳಿಗ್ಗೆ ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಸೀಟನ್ನು ಪೂರ್ತಿ ಹಿಂದೆ ತಳ್ಳಿ ಮುಂದಿನ ಬೋಲ್ಟ್‌ಗಳನ್ನು, ಪೂರ್ತಿ ಮುಂದೆ ಎಳೆದು ಹಿಂದಿನವುಗಳನ್ನು ಸಡಿಲಿಸಿ. ಹೊಳಲ್ಕೆರೆ ಕಡೆಯ ಅದಿರಿನ ಧೂಳು ಕುಡಿದ ರೈಲು ಮಿಸುಕದೆ ಇರಬಹುದು. ಮೊದಲು ಗಾಳಿ ಹೊಡೆಸಿ, ಆಮೇಲೆ ಎಣ್ಣೆ ಬಿಡಿ. ಧೂಳಿನ ಮೇಲೆ ಎಣ್ಣೆ ಬಿದ್ದರೆ ಕೆಸರಾಗಿ ಇನ್ನೂ ಬಿಗಿಯುತ್ತದೆ.

ಬೋಲ್ಟ್ ಬರಲೊಲ್ಲದು ಎಂದು ಸ್ಪ್ಯಾನರಿಗೆ ಪೈಪು ಸಿಕ್ಕಿಸಬೇಡಿ. ನೆಲದ ಅಡಿಯಲ್ಲಿ ತಗಡಿಗೆ ಬೆಸೆದ ನಟ್ ಕಳಚಿದರೆ ಬೋಲ್ಟ್ ಸುಮ್ಮನೆ ಸುತ್ತುತ್ತಲೇ ಇರುತ್ತದೆ. ಸ್ವಲ್ಪ ಬಿಗಿ, ಸ್ವಲ್ಪ ಸಡಿಲು, ಮತ್ತೆ ಸ್ಪ್ರೇ. ಹೀಗೆ ಆಡಿಸುತ್ತಾ ತೆಗೆಯಬೇಕು. ನಟ್ ಕಳಚಿಯೇ ಬಿಟ್ಟರೆ ಅಡಿಯಿಂದ ಒಬ್ಬರು ಇಕ್ಕಳದಲ್ಲಿ ಹಿಡಿಯಲಿ, ಆಮೇಲೆ ಆ ಜಾಗಕ್ಕೆ ದಪ್ಪ ಪ್ಲೇಟಿನೊಂದಿಗೆ ಹೊಸ ನಟ್ ಬೆಸೆಸಬೇಕಾಗುತ್ತದೆ.

## ಹಂತ 5: ನೆಲದ ಆರೋಗ್ಯ

ಸೀಟು ಎದ್ದ ಮೇಲೆ ಮ್ಯಾಟ್ ಪೂರ್ತಿ ತೆಗೆಯಿರಿ. ಕ್ಯಾಬಿನ್ನಿನಲ್ಲಿ ಗೊಬ್ಬರದ ಚೀಲ ಹಾಕಿಕೊಂಡು ಓಡಾಡುವ ಗಾಡಿಗಳಲ್ಲಿ ಸೀಟಿನ ಹಿಂಗಾಲಿನ ಬುಡವೇ ಮೊದಲು ಹೋಗುತ್ತದೆ. ಅದರಲ್ಲೂ ಪೊಟ್ಯಾಷ್ ಸೋರಿ ಮ್ಯಾಟಿನ ಕೆಳಗೆ ತೇವ ಹಿಡಿದಿದ್ದರೆ ತಗಡು ಹಾಳೆಹಾಳೆಯಾಗಿ ಏಳುತ್ತದೆ.

ಸ್ಕ್ರೂಡ್ರೈವರ್ ತುದಿಯಿಂದ ಬೋಲ್ಟಿನ ಸುತ್ತ ಒತ್ತಿ ನೋಡಿ. ತುದಿ ಒಳಗೆ ಹೋದರೆ ಸೀಟಿನ ಕೆಲಸ ಅಲ್ಲಿಗೇ ನಿಲ್ಲಿಸಿ, ಮೊದಲು ತಗಡಿನ ಕೆಲಸ ಮಾಡಿಸಿ. ಗಟ್ಟಿಯಿದ್ದರೆ ವೈರ್ ಬ್ರಷ್, ಪ್ರೈಮರ್, ಬಣ್ಣ. ಥ್ರೆಡ್‌ಗಳಿಗೆ ಟ್ಯಾಪ್ ಹಾಕಿ ಸ್ವಚ್ಛ ಮಾಡಿ.

## ಹಂತ 6: ಅಡಾಪ್ಟರ್ ಫ್ರೇಮ್ ಬೇಕಾದವರಿಗೆ

ಸೀಟಿನ ರೈಲನ್ನು ರಟ್ಟಿನ ಮೇಲಿಟ್ಟು ತೂತುಗಳನ್ನು ಗುರುತಿಸಿ. ಅದೇ ರಟ್ಟನ್ನು ನೆಲದ ಮೇಲೆ ಹರಡಿ, ಸ್ಟಿಯರಿಂಗಿನ ಮಧ್ಯಕ್ಕೆ ಸರಿಹೊಂದಿಸಿ, ನೆಲದ ತೂತುಗಳನ್ನು ಬೇರೆ ಬಣ್ಣದಲ್ಲಿ ಗುರುತಿಸಿ. ಈಗ ಎರಡೂ ಒಂದೇ ರಟ್ಟಿನಲ್ಲಿವೆ. ಮುಂದೆ ಯಾವುದು, ಎಡ ಯಾವುದು ಎಂದು ಬರೆಯದೆ ಹೋದರೆ ಫ್ರೇಮ್ ತಿರುಗುಮುರುಗಾಗಿ ತಯಾರಾಗುತ್ತದೆ. ರಟ್ಟಿನ ಜೊತೆಗೆ ನಾಲ್ಕು ಎತ್ತರಗಳ ಚೀಟಿಯನ್ನೂ ಕೊಡಿ. ಲೇತು ತಯಾರಿಸಿ ಹೆಸರಾದ ಹರಿಹರದಲ್ಲಿ ಇಂಥ ಕೆಲಸ ಅರ್ಥವಾಗುವ ಕೈಗಳಿಗೆ ಕೊರತೆಯಿಲ್ಲ. ಆದರೆ ಅಳತೆ ಕೊಡದೆ "ಹಾಕಿ ಕೊಡಿ" ಎಂದರೆ ಅವರೂ ಗಾಡಿಯ ಮೇಲೇ ಬೆಸುಗೆ ಶುರು ಮಾಡುತ್ತಾರೆ.

ಫ್ರೇಮನ್ನು 5 ಅಥವಾ 6 ಮಿ.ಮೀ. ಎಂಎಸ್ (ಸಾದಾ ಉಕ್ಕು) ಪಟ್ಟಿ ಇಲ್ಲವೇ ಆಂಗಲ್‌ನಲ್ಲಿ, ಗಾಡಿಯ ಹೊರಗೆ ಮಾಡಿಸಿ. ಕ್ಯಾಬಿನ್ನಿನೊಳಗೆ ಬೆಸುಗೆ ಮಾಡಿದರೆ ಮ್ಯಾಟಿನ ಕೆಳಗಿನ ಹಾಸು, ಸೀಟಿನ ಫೋಮ್ ಕಣ್ಣಿಗೆ ಬೀಳದೆ ಒಳಗೊಳಗೇ ಹೊತ್ತಿಕೊಳ್ಳಬಹುದು. ರೈಲಿಗಂತೂ ಬೆಸುಗೆ ತಾಗಲೇಬಾರದು. ಕಾದರೆ ಲಾಕಿನ ಹಲ್ಲುಗಳ ಗಡಸುತನ ಹೋಗುತ್ತದೆ, ರೈಲು ಡೊಂಕಾಗುತ್ತದೆ.

ಎತ್ತರವನ್ನು ಆದಷ್ಟು ಕಡಿಮೆ ಇಡಿ. ಸೀಟು ಎತ್ತರವಾದಷ್ಟೂ ಬ್ರೇಕ್ ಹಾಕಿದಾಗ ಬೋಲ್ಟಿನ ಮೇಲೆ ಬೀಳುವ ಸನ್ನೆಯ ಬಲ ಹೆಚ್ಚುತ್ತದೆ, ಜೊತೆಗೆ ಕ್ಲಚ್ ಪೂರ್ತಿ ಒತ್ತಲು ಕಾಲು ಎಟುಕುವುದಿಲ್ಲ. ಎರಡು ಬೆರಳಿನ ಅಗಲಕ್ಕಿಂತ ಹೆಚ್ಚು ಏರಿಸಬೇಕಾಗಿ ಬಂದರೆ ಆ ಸೀಟು ನಿಮ್ಮ ಗಾಡಿಗಲ್ಲ.

ನೆಲದಲ್ಲಿ ಹೊಸ ತೂತು ಅನಿವಾರ್ಯವಾದರೆ ಮೊದಲು ಗಾಡಿಯ ಅಡಿಗೆ ಹೋಗಿ ಕಣ್ಣಾರೆ ನೋಡಿ: ಬ್ರೇಕ್ ಪೈಪು, ಡೀಸೆಲ್ ಪೈಪು, ತಂತಿಗಳ ಕಟ್ಟು ಎಲ್ಲಿ ಹಾದಿವೆ? ಕೊರೆದ ತೂತಿನ ಅಡಿಯಲ್ಲಿ ಕನಿಷ್ಠ 3 ಮಿ.ಮೀ. ದಪ್ಪದ, ಸುಮಾರು 75 ಮಿ.ಮೀ. ಚೌಕದ ಉಕ್ಕಿನ ಪ್ಲೇಟ್ ಕೊಡಬೇಕು. ಮೂಲೆಗಳನ್ನು ದುಂಡಗೆ ಉಜ್ಜಿಸಿ, ಚೂಪು ಮೂಲೆ ತಗಡನ್ನು ಸೀಳುತ್ತದೆ. ಬರೀ ವಾಷರ್ ಹಾಕಿದ ಬೋಲ್ಟ್ ನಿಂತ ಗಾಡಿಯಲ್ಲಿ ಗಟ್ಟಿಯಾಗೇ ಇರುತ್ತದೆ. ಡಿಕ್ಕಿಯಾದಾಗ ವಾಷರ್ ಸಮೇತ ತಗಡಿನಿಂದ ಕಿತ್ತು ಬರುತ್ತದೆ, ಹೋಳಿಗೆಗೆ ಬೆರಳು ಚುಚ್ಚಿದ ಹಾಗೆ.

## ಹಂತ 7: ಸೀಟ್ ಬೆಲ್ಟ್

ಇಡೀ ಕೆಲಸದಲ್ಲಿ ಪ್ರಾಣಕ್ಕೆ ಸಂಬಂಧಪಟ್ಟ ಭಾಗ ಇದು, ಹೆಚ್ಚು ಮಂದಿ ಹಾರಿಸಿಬಿಡುವ ಭಾಗವೂ ಇದೇ.

ಬೆಲ್ಟಿನ ನಾಲಗೆ ಸಿಕ್ಕಿಸುವ ಬಕಲ್ ಎಲ್ಲಿಗೆ ಬಿಗಿದಿದೆ ನೋಡಿ: ನೆಲಕ್ಕೋ, ಸೀಟಿನ ಫ್ರೇಮಿಗೋ? ನೆಲಕ್ಕಿದ್ದರೆ ಅಪಘಾತದಲ್ಲಿ ದೇಹದ ಭಾರವನ್ನು ನೆಲ ತಾಳುತ್ತದೆ, ಸೀಟು ತನ್ನ ಭಾರವನ್ನಷ್ಟೇ ಹೊರುತ್ತದೆ. ಸೀಟಿಗಿದ್ದರೆ ಆ ಎಳೆತದ ದೊಡ್ಡ ಪಾಲು ರೈಲಿನ ಮೂಲಕ ಅದೇ ನಾಲ್ಕು ಬೋಲ್ಟ್‌ಗಳಿಗೆ ಇಳಿಯುತ್ತದೆ.

ನಿಮ್ಮ ಗಾಡಿಯಲ್ಲಿ ಬಕಲ್ ನೆಲಕ್ಕಿದ್ದು ತಂದ ಸೀಟಿನಲ್ಲಿ ಫ್ರೇಮಿಗಿದ್ದರೆ, ಸೀಟಿನದನ್ನು ಬಿಚ್ಚಿ ನೆಲದ್ದನ್ನೇ ಉಳಿಸಿಕೊಳ್ಳಿ. ಕೂತಾಗ ಬಕಲ್ ಸೊಂಟದ ಮೂಳೆಯ ಪಕ್ಕದಲ್ಲಿರಬೇಕು, ಹೊಟ್ಟೆಯ ಮೇಲೆ ಏರಬಾರದು. ತಿರುಗುಮುರುಗಾದ ಸಂದರ್ಭದಲ್ಲಿ, ಅಂದರೆ ನಿಮ್ಮದು ಸೀಟಿಗಿದ್ದು ತಂದದ್ದರಲ್ಲಿ ಬಕಲಿಗೆ ಜಾಗವೇ ಇಲ್ಲದಿದ್ದರೆ, ಆ ಫ್ರೇಮ್ ಬೆಲ್ಟಿನ ಎಳೆತಕ್ಕಾಗಿ ಮಾಡಿದ್ದಲ್ಲ. ತೂತು ಕೊರೆದು ಬಕಲ್ ಸಿಕ್ಕಿಸಬೇಡಿ, ಸೀಟನ್ನು ವಾಪಸ್ ಕೊಡಿ.

ಬೇರೆ ಬೇರೆ ಗಾಡಿಯ ನಾಲಗೆ, ಬಕಲ್ ಬೆರೆಸಬೇಡಿ. "ಕ್ಲಿಕ್" ಎಂದು ಕೂತಂತೆ ಕಂಡರೂ ಜೋರಾಗಿ ಎಳೆದಾಗ ಕಳಚಬಹುದು. ಬಾಗಿಲ ಕಂಬದಲ್ಲಿರುವ ಬೆಲ್ಟ್ ಸುರುಳಿಯ ಡಬ್ಬಿಯನ್ನೂ ಕದಲಿಸಬೇಡಿ. ಅದು ಓರೆ ಅರಿತು ಲಾಕ್ ಆಗುವ ಯಂತ್ರ, ಕೋನ ತಪ್ಪಿದರೆ ಬೆಲ್ಟ್ ಹೊರಗೇ ಬರುವುದಿಲ್ಲ.

ಬೋಲ್ಟಿನ ಮೋಸ ಒಂದಿದೆ. ಬಹುಪಾಲು ವಾಹನಗಳಲ್ಲಿ ಬೆಲ್ಟಿನ ಬೋಲ್ಟ್ 7/16 ಅಂಗುಲದ್ದು, ಅಂಗುಲಕ್ಕೆ 20 ಎಳೆಯ ಥ್ರೆಡ್. ಮಿಲಿಮೀಟರಿನಲ್ಲಿ ಸುಮಾರು 11.1. ಅದು ಕಳೆದುಹೋದರೆ ಕೈಗೆ ಸಿಗುವ 10 ಮಿ.ಮೀ. ಬೋಲ್ಟ್ ಅಲ್ಲಿ ಸಡಿಲವಾಗಿ ಇಳಿಯುತ್ತದೆ, ಎಲ್ಲೋ ಸಿಕ್ಕಿ ಬಿಗಿಯಾದಂತೆಯೂ ಭಾಸವಾಗುತ್ತದೆ. 12 ಮಿ.ಮೀ. ಬೋಲ್ಟನ್ನು ಬಲವಂತ ಮಾಡಿದರೆ ನಟ್ಟಿನ ಥ್ರೆಡ್ಡೇ ಹೋಗುತ್ತದೆ. ಹಾಗಾಗಿ ಬಿಚ್ಚಿದ ಕೂಡಲೇ ಈ ಬೋಲ್ಟ್‌ಗಳನ್ನು ಬೇರೆ ಡಬ್ಬಿಯಲ್ಲಿ ಇಡಿ.

## ಹಂತ 8: ಕೂರಿಸಿ ಬಿಗಿಯುವುದು

ನಾಲ್ಕೂ ಬೋಲ್ಟ್‌ಗಳನ್ನು ಬೆರಳಿನಿಂದಲೇ ಮೂರು ನಾಲ್ಕು ಸುತ್ತು ಹಾಕಿ. ಬೆರಳಿಗೆ ಬಾರದ ಬೋಲ್ಟಿಗೆ ಸ್ಪ್ಯಾನರ್ ಹಾಕಬಾರದು. ಅದು ಓರೆಯಾಗಿ ಹತ್ತುತ್ತಿದೆ. ನಾಲ್ಕೂ ಸಡಿಲವಾಗಿರುವಾಗಲೇ ಸೀಟನ್ನು ಪೂರ್ತಿ ಹಿಂದೆ ಮುಂದೆ ಸರಿಸಿ, ರೈಲು ತನ್ನ ಜಾಗ ತಾನೇ ಕಂಡುಕೊಳ್ಳುತ್ತದೆ. ಆಮೇಲೆ ಕರ್ಣಕ್ರಮದಲ್ಲಿ, ಎರಡು ಸುತ್ತಿನಲ್ಲಿ ಬಿಗಿಯಿರಿ.

8.8 ಗುರುತಿನ 8 ಮಿ.ಮೀ. ಬೋಲ್ಟಿಗೆ ಸುಮಾರು 25 ನ್ಯೂಟನ್ ಮೀಟರ್, 10 ಮಿ.ಮೀ. ಬೋಲ್ಟಿಗೆ 45ರಿಂದ 50. ಗಾಡಿಯ ಸರ್ವಿಸ್ ಕೈಪಿಡಿಯಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ಅನುಸರಿಸಿ. ಬಿಗಿದ ಮೇಲೆ ಬೋಲ್ಟಿನ ತಲೆಯಿಂದ ನೆಲದವರೆಗೆ ಬಣ್ಣದ ಒಂದು ಗೆರೆ ಎಳೆಯಿರಿ.

ಬಿಗಿದ ನಂತರ ರೈಲು ಮೊದಲಿಗಿಂತ ಗಟ್ಟಿಯಾಗಿ ಸರಿಯುತ್ತಿದ್ದರೆ ಕಾಲುಗಳ ಎತ್ತರ ಸರಿಯಿಲ್ಲ, ರೈಲು ತಿರುಚಿಕೊಂಡಿದೆ. ಗ್ರೀಸ್ ಅದಕ್ಕೆ ಮದ್ದಲ್ಲ. ಬಿಚ್ಚಿ, ಎತ್ತರ ಸರಿಮಾಡಿ.

## ಹಂತ 9: ಪರೀಕ್ಷೆ, ಅಪಾಯದ ಸೂಚನೆಗಳು

ನಿಂತ ಗಾಡಿಯಲ್ಲಿ ಮೊದಲು: ಕ್ಲಚ್ ತಳ ಮುಟ್ಟುವವರೆಗೆ ಒತ್ತಿದಾಗ ಮೊಣಕಾಲು ಸ್ವಲ್ಪ ಬಾಗಿರಬೇಕು, ತಲೆಗೂ ಛಾವಣಿಗೂ ನಡುವೆ ಒಂದು ಮುಷ್ಟಿ ಜಾಗ ಇರಬೇಕು, ಎಲ್ಲ ಗೇರುಗಳೂ ಬೀಳಬೇಕು, ಹ್ಯಾಂಡ್‌ಬ್ರೇಕ್ ಪೂರ್ತಿ ಏರಬೇಕು, ಬಾಗಿಲು ಮುಚ್ಚಿದಾಗ ಒರಗಿಸುವ ಸನ್ನೆಕೋಲಿಗೆ ತಾಗಬಾರದು. ಜಾಕ್ ಸೀಟಿನ ಹಿಂದಿದ್ದರೆ ಅದನ್ನು ಹೊರತೆಗೆಯಲು ಬರಬೇಕು. ಭರಮಸಾಗರದ ಹತ್ತಿರ ರಾತ್ರಿ ಪಂಕ್ಚರ್ ಆದಾಗ ಈ ಮಾತು ನೆನಪಾಗುತ್ತದೆ.

ಆಮೇಲೆ ಖಾಲಿ ಮೈದಾನದಲ್ಲಿ, ಖಾಲಿ ಗಾಡಿಯಲ್ಲಿ, ಬೆಲ್ಟ್ ಹಾಕಿಕೊಂಡು, ಗಂಟೆಗೆ 20 ಕಿ.ಮೀ. ವೇಗದಿಂದ ಜೋರಾಗಿ ಬ್ರೇಕ್ ಹಾಕಿ. ಸೀಟು ಒಂದು ಹಲ್ಲು ಜಾರಿದರೂ ಹೆದ್ದಾರಿಗೆ ಹೋಗಬೇಡಿ. ಒಂದು ವಾರ ಲೋಡ್ ಹೊತ್ತು ಓಡಿದ ಮೇಲೆ ಬೋಲ್ಟ್‌ಗಳ ಬಿಗಿ ಮತ್ತೆ ನೋಡಿ.

ಬ್ರೇಕ್ ಹಾಕಿದಾಗಲೆಲ್ಲ "ಟಿಕ್" ಸದ್ದು, ಬಣ್ಣದ ಗೆರೆ ಮುರಿದಿರುವುದು, ವಾಷರಿನ ಸುತ್ತ ತಗಡು ತಟ್ಟೆಯಂತೆ ಕುಸಿದಿರುವುದು, ಬೋಲ್ಟಿನ ಬುಡದಲ್ಲಿ ಕೆಂಪು ಪುಡಿ: ಇವುಗಳಲ್ಲಿ ಯಾವುದು ಕಂಡರೂ ಬಿಚ್ಚಿ ನೋಡಬೇಕು. ಇನ್ನಷ್ಟು ಬಿಗಿಯುವುದು ಉತ್ತರವಲ್ಲ.

## ಆರ್‌ಸಿ ಮತ್ತು ಎಫ್‌ಸಿ

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರಗಳು ಕಂಪನಿ ಕೊಟ್ಟ ಮೂಲ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಆಸನಗಳ ಸಂಖ್ಯೆ ಅದರಲ್ಲಿ ಒಂದು. ಉದ್ದ ಬೆಂಚ್ ಸೀಟು ಹಾಕಿಸಿದ ಮಾತ್ರಕ್ಕೆ ಇನ್ನೊಬ್ಬರನ್ನು ಕೂರಿಸಲು ಹಕ್ಕು ಬರುವುದಿಲ್ಲ. ಎಂಟು ವರ್ಷ ದಾಟಿದ ಸಾರಿಗೆ ವಾಹನಕ್ಕೆ ಪ್ರತಿ ವರ್ಷ ಎಫ್‌ಸಿ (ಗಾಡಿ ಓಡಲು ಯೋಗ್ಯ ಎಂಬ ಪ್ರಮಾಣಪತ್ರ) ಆಗಬೇಕಾದ್ದರಿಂದ, ಅಡಾಪ್ಟರ್ ಅಥವಾ ಹೊಸ ತೂತಿನ ಕೆಲಸ ಇದ್ದರೆ ಮೊದಲೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ. ಹಳೆಯ ಸೀಟನ್ನು ರೈಲು, ಬೋಲ್ಟ್ ಸಮೇತ ಮುಂದಿನ ಎಫ್‌ಸಿ ಮುಗಿಯುವವರೆಗೆ ಗುಜರಿಗೆ ಹಾಕದೆ ಇಟ್ಟುಕೊಂಡಿರಿ.